ಕಾರಂಜಾ ಜಲಾಶಯಕ್ಕೆ ಹೌಸ್‌ಬೋಟ್ ಬೇಕೇ?

ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಕಲಬುರಗಿಯ ಬಂಧುಗಳೇ, ಎಲ್ಲರಿಗೂ ಶರಣು.

ಪ್ರವಾಸೋದ್ಯಮ ದಿನದ ಈ ಸಭೆಯಲ್ಲಿ ಕೇರಳದ ಹಿನ್ನೀರಿನ ವಿಹಾರದ ಬಗ್ಗೆ ಮಾತನಾಡಿ ಎಂದು ಸಂಘಟಕರು ಹೇಳಿದ್ದರು. ಬರೆದುಕೊಂಡೂ ಬಂದಿದ್ದೆ. ಆದರೆ ನನಗಿಂತ ಮೊದಲು ಮಾತನಾಡಿದವರು ಬೀದರಿನ ಕಾರಂಜಾಕ್ಕೂ ನಾರಾಯಣಪುರದ ಬಸವಸಾಗರಕ್ಕೂ ಹೌಸ್‌ಬೋಟ್ ತರಬೇಕು ಎಂದರು, ನೀವು ಜೋರಾಗಿ ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಗೆ ಉತ್ತರ ಹೇಳದೆ ನನ್ನ ಹಾಳೆ ಬಿಚ್ಚಲಾರೆ.

ಕೇರಳದ ಹೌಸ್‌ಬೋಟ್ ಮೂಲದಲ್ಲಿ ವಿಹಾರದ ದೋಣಿಯೇ ಅಲ್ಲ, ಭತ್ತ ಹೇರುವ ದೋಣಿ. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುತ್ತಿದ್ದರು, ಒಂದು ಮೊಳೆಯೂ ಇಲ್ಲದೆ. ದೊಡ್ಡವು 30 ಟನ್‌ವರೆಗೆ ಸರಕು ಹೊರುತ್ತಿದ್ದವು. ಅಲ್ಲಿನ ಕುಟ್ಟನಾಡು ಸೀಮೆಯ ಬಹುಪಾಲು ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಸುತ್ತಲೂ ಏರಿ ಕಟ್ಟಿ, ಒಳಗಿನ ನೀರನ್ನು ಹೊರಗೆತ್ತಿ ಅಲ್ಲಿ ಭತ್ತ ಬೆಳೆಯುತ್ತಾರೆ. ಆ ಭತ್ತ ಪೇಟೆಗೆ ಹೋಗಲು ಕಾಲುವೆಯೇ ದಾರಿಯಾಗಿತ್ತು. ಆಮೇಲೆ ಸೇತುವೆ ಬಂತು, ಲಾರಿ ಬಂತು, ದೋಣಿಗಳು ದಡದಲ್ಲಿ ಕೊಳೆಯತೊಡಗಿದವು. 1990ರ ದಶಕದಲ್ಲಿ ಅವಕ್ಕೆ ಕೋಣೆ ಕಟ್ಟಿ, ಬಿದಿರಿನ ಚಾವಣಿ ಹೊದಿಸಿ ಪ್ರವಾಸಿಗರನ್ನು ಹತ್ತಿಸಿದರು. ಜಾಣ ಕೆಲಸ, ಅನುಮಾನವಿಲ್ಲ. ನಾನು ಹೇಳುವುದಿಷ್ಟೇ: ಆ ನೀರು ಒಂದು ರಸ್ತೆ. ಇವತ್ತಿಗೂ ರಸ್ತೆ.

ಇದು ನಮ್ಮ ಬೀಗರಿಗೆ ಅರ್ಥವಾಗಲು ಒಂದು ರಾತ್ರಿ ಹಿಡಿಯಿತು. ಅವರು ಚಿತ್ತಾಪುರದ ಕಡೆಯವರು, ತೊಗರಿ ವ್ಯಾಪಾರಸ್ಥರು. ಯಾವುದನ್ನೂ ತೂಗದೆ ಕೊಂಡವರಲ್ಲ. ಅಲಪ್ಪುಳದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ದೋಣಿ ಹತ್ತಿದರೆ ಮರುದಿನ ಒಂಬತ್ತಕ್ಕೆ ಇಳಿಯುವುದು. ಬೀಗರು ಹತ್ತುವ ಮೊದಲೇ ಗಂಟೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿದ್ದರು. ಊಟಕ್ಕೆ ಕೂತಾಗ ಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿ, “ಇದು ನಮ್ಮ ಕಡೆಯ ತೊಗರಿಯಲ್ಲ” ಎಂದು ತೀರ್ಪು ಕೊಟ್ಟರು. ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ ಸಿಕ್ಕ ತೊಗರಿಯ ಊರಿನವರು, ಹೇಳಲಿ ಬಿಡಿ. ಅಡುಗೆಯವನು ಪಾಪ, ಇವರಿಗಾಗಿ ಮೀನಿನ ಬಾಣಲೆಯನ್ನೇ ಒಲೆಯ ಹತ್ತಿರ ತಂದಿರಲಿಲ್ಲ.

ಸಂಜೆ ಐದೂವರೆಗೆ ದೋಣಿ ಒಂದು ಏರಿಯ ಪಕ್ಕ ನಿಂತಿತು. ಹಗ್ಗ ಬಿಗಿದರು, ಎಂಜಿನ್ ಆರಿಸಿದರು. ಬೀಗರು ಎದ್ದು ನಿಂತರು. “ರೊಕ್ಕ ಬೆಳಗಿನವರೆಗೆ ಕೊಟ್ಟಿದ್ದೇವೆ, ಓಡಿಸಲು ಹೇಳಿ!” ಚಾಲಕ ಕೈ ತೋರಿಸಿದ. ಸಣ್ಣ ದೋಣಿಗಳಲ್ಲಿ ಮೀನುಗಾರರು ಬಲೆ ಬಿಡಲು ಹೊರಟಿದ್ದರು. ಸಂಜೆಯಿಂದ ಬೆಳಗಿನವರೆಗೆ ನೀರು ಅವರದು, ಹೌಸ್‌ಬೋಟ್ ಕದಲುವಂತಿಲ್ಲ. ಬೀಗರು ಗೊಣಗುತ್ತಲೇ ಮಲಗಿದರು.

ಬೆಳಗ್ಗೆ ಕಿಟಕಿ ಪರದೆ ಸರಿಸಿದರೆ ಎದುರಿಗೇ, ನಾಲ್ಕು ಮಾರು ದೂರದಲ್ಲಿ, ಒಬ್ಬ ಹೆಣ್ಣುಮಗಳು ಕಲ್ಲಿನ ಮೆಟ್ಟಿಲ ಮೇಲೆ ಕೂತು ಪಾತ್ರೆ ಬೆಳಗುತ್ತಿದ್ದರು. ಬೀಗರು ಮೊಬೈಲ್ ಎತ್ತಿದರು. ಆಕೆ ಅವಸರ ಮಾಡದೆ ನಮಗೆ ಬೆನ್ನು ತಿರುಗಿಸಿ ಕೂತು ಬೆಳಗುವುದನ್ನು ಮುಂದುವರಿಸಿದರು. ಮೊಬೈಲ್ ಕೆಳಗಿಳಿಯಿತು. “ನಮ್ಮ ವಾಡೆಯ ಅಂಗಳಕ್ಕೆ ಯಾರಾದರೂ ಹೀಗೆ ಬಂದಿದ್ದರೆ ನಾನು ಬಡಿಗೆ ತರುತ್ತಿದ್ದೆ” ಎಂದು ಬೀಗರೇ ಹೇಳಿದರು. ಹೌದು ಬೀಗರೇ, ಅದು ಅವರ ಅಂಗಳ, ಅವರ ರಸ್ತೆ.

ಆ ರಸ್ತೆಯ ಕಷ್ಟವೂ ಸಣ್ಣದಲ್ಲ. ಈ ಹಿನ್ನೀರಿನ ವೆಂಬನಾಡ್ ಸರೋವರ 2002ರಿಂದ ರಾಮ್ಸರ್ ಪಟ್ಟಿಯಲ್ಲಿದೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ. ಗದ್ದೆಗೆ ಉಪ್ಪುನೀರು ನುಗ್ಗದಿರಲೆಂದು ತಣ್ಣೀರ್‌ಮುಕ್ಕಮ್‌ನಲ್ಲಿ ಒಡ್ಡು ಕಟ್ಟಿ, ಬೇಸಾಯದ ತಿಂಗಳುಗಳಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಭತ್ತ ಉಳಿಯುತ್ತದೆ, ಆದರೆ ಉಬ್ಬರ ಇಳಿತಕ್ಕೆ ತೊಳೆದುಹೋಗಬೇಕಾದ ಕೊಳೆಯೂ ಒಳಗೇ ಉಳಿಯುತ್ತದೆ. ಉಪ್ಪು ತಾಗದ ನೀರಿನಲ್ಲಿ ಅಂತರಗಂಗೆ ಹಬ್ಬುತ್ತದೆ. ಅದರ ಮೇಲೆ ಹೌಸ್‌ಬೋಟುಗಳ ಡೀಸೆಲ್ ಮತ್ತು ಶೌಚದ ನೀರು. ಬುಕ್ ಮಾಡುವಾಗ ನಾವು ಏಸಿ ಎಷ್ಟು ಹೊತ್ತು ಎಂದು ಕೇಳುತ್ತೇವೆ, ಶೌಚದ ತೊಟ್ಟಿ ಎಲ್ಲಿ ಖಾಲಿಯಾಗುತ್ತದೆ ಎಂದು ಕೇಳುವುದಿಲ್ಲ.

ಈಗ ಕಾರಂಜಾಕ್ಕೆ ಬನ್ನಿ. ಬೀದರ್ ನಗರ ಕುಡಿಯುವುದು ಅದೇ ನೀರು. ಅದರಲ್ಲಿ ತೊಟ್ಟಿ ಹೊತ್ತ ದೋಣಿಗಳನ್ನು ತೇಲಿಸೋಣವೇ? ಜಲಾಶಯದ ನೀರು ಇರುವುದೇ ಬಳಕೆಗೆ, ಕಾಲುವೆಗೆ ಬಿಡುವುದಕ್ಕೆ. ಬೇಸಿಗೆಯಲ್ಲಿ ದಡ ಹಿಂದೆ ಸರಿದು ಕೆಸರು ಬಿರಿದಾಗ ಆ ಎರಡಂತಸ್ತಿನ ದೋಣಿ ಎಲ್ಲಿ ನಿಲ್ಲಬೇಕು?

ನಮ್ಮಲ್ಲೂ ನೀರು ರಸ್ತೆಯೇ ಎಂಬುದನ್ನು ಮರೆಯಬೇಡಿ. ಅಂಬಿಗರ ಚೌಡಯ್ಯನ ನಾಡಿದು. ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡಿಯಿಂದ 2013ರಲ್ಲಿ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ತುಂಬಿದ ಹೊಳೆಯಲ್ಲಿ ಈಜಿ ದಡ ಸೇರಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಹೆರಿಗೆಗೆ ಹೋಗಲು ದೋಣಿ ಇರಲಿಲ್ಲ. ವಿಹಾರದ ದೋಣಿಗೆ ಟೆಂಡರ್ ಕರೆಯುವವರು ಮೊದಲು ದಾಟುವ ದೋಣಿಯ ಲೆಕ್ಕ ಕೊಡಲಿ.

ಚೀಟಿ ಬಂತು, ಐದು ನಿಮಿಷವಂತೆ. ಬೋನಾಳ ಕೆರೆಯ ಹಕ್ಕಿಗಳು, ಬೀದರಿನ ಕರೇಜ್ ಎಂಬ ನೆಲದಡಿಯ ಹಳೆಯ ಕಾಲುವೆ ಎಲ್ಲವನ್ನೂ ಬಿಡುತ್ತೇನೆ. ನಮಗೆ ಹರಿಗೋಲು ಸಾಕು. ಹುಟ್ಟು ಹಾಕುವವರಿಗೆ ತರಬೇತಿ, ಹತ್ತುವವರಿಗೆ ಜೀವರಕ್ಷಕ ಅಂಗಿ, ಇಷ್ಟಾದರೂ ಆಗಲಿ.

ಕೇರಳಕ್ಕೆ ಹೋಗುವವರು ನಮ್ಮ ನಿಲ್ದಾಣದಲ್ಲೇ ಕನ್ಯಾಕುಮಾರಿ ರೈಲು, ಹಿಂದೆ ಜಯಂತಿ ಜನತಾ ಎನ್ನುತ್ತಿದ್ದ ರೈಲು, ಹತ್ತಿ ಕೊಟ್ಟಾಯಂನಲ್ಲಿ ಇಳಿಯಿರಿ. ಅಲ್ಲಿಂದ ಅಲಪ್ಪುಳಕ್ಕೆ ಸರ್ಕಾರಿ ಜಲಸಾರಿಗೆಯ ದೋಣಿಯಿದೆ. ಸುಮಾರು ಎರಡೂವರೆ ಗಂಟೆಯ ದಾರಿ, ಟಿಕೆಟ್ಟೂ ಅಗ್ಗ. ಸಂತೆಗೆ ಹೋಗುವವರು, ಶಾಲೆಯ ಮಕ್ಕಳು, ಸಾಮಾನಿನ ಚೀಲ ಎಲ್ಲ ನಿಮ್ಮ ಪಕ್ಕದಲ್ಲೇ ಇರುತ್ತವೆ. ಆಮೇಲೆ ಬೇಕಾದರೆ ಹೌಸ್‌ಬೋಟ್ ಹತ್ತಿ, ನಾನು ತಡೆಯುವುದಿಲ್ಲ.

ಮೊದಲ ಸಾಲಿನಿಂದ ಯಾರೋ ಊಟದ ವ್ಯವಸ್ಥೆ ಕೇಳುತ್ತಿದ್ದಾರೆ. ಸರ್ಕಾರಿ ದೋಣಿಯಲ್ಲಿ ಊಟವಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ಶರಣು.