ಗಾಳಿ ಜೋರಾದಾಗ ರೆಕ್ಕೆ ನಿಂತದ್ದು

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಗಾಳಿ ಬಂತು ಅಂದ್ರೆ ಮೊದಲು ನೆನಪಾಗುದು ತೋಟ. ಎಷ್ಟು ಕಂಗು (ಅಡಿಕೆ ಮರ) ಮುರೀತು, ಕರೆಂಟು ಯಾವಾಗ ಬರ್ತದೆ, ಇದೇ ಮಾತು. ಹೋದ ವರ್ಷ ನಮ್ಮಲ್ಲಿ ಒಂದೇ ರಾತ್ರಿಗೆ 11 ಕಂಗು ಹೋಯ್ತು, ಆಮೇಲೆ ಅಮ್ಮನಿಗೆ ಗಾಳಿ ಅಂದ್ರೆ ಹೆದರಿಕೆ, ಸ್ವಲ್ಪ ಬೀಸಿದ್ರೂ ನನ್ನ ಮಗಳನ್ನ ಒಳಗೆ ಕರೀತಾರೆ. ಅಂಥ ಅಮ್ಮನನ್ನ ಕರ್ಕೊಂಡು ಗಾಳಿ ನೋಡ್ಲಿಕ್ಕೇ ಹೋದದ್ದನ್ನ ಇವತ್ತು ಹೇಳ್ತೇನೆ.

ಬೆಳಿಗ್ಗೆ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿ, ಕೇರಳ ಪೂರ್ತಿ ಮಳೆಯಲ್ಲೇ ದಾಟಿ, ರಾತ್ರಿ ಕನ್ಯಾಕುಮಾರಿ ಹತ್ತಿರದ ನಾಗರಕೋಯಿಲಲ್ಲಿ ಇಳಿದೆವು. ಮರುದಿನ ಒಂದು ಕಾರು ಮಾಡಿ ಆರಲ್ವಾಯ್ಮೊಳಿ ಕಡೆ ಹೋದ್ವಿ. ನಾವು ಮಲಯಾಳದಲ್ಲಿ ಕೇಳಿದ್ರೆ ಡ್ರೈವರ್ ತಮಿಳಲ್ಲಿ ಹೇಳ್ತಿದ್ರು, ಇಬ್ಬರಿಗೂ ಎಲ್ಲ ಅರ್ಥ ಆಗ್ತಿತ್ತು. ಪಶ್ಚಿಮ ಘಟ್ಟ ಮುಗಿಯುವ ಹತ್ತಿರ ಅಲ್ಲಿ ಗುಡ್ಡಗಳ ಮಧ್ಯೆ ಒಂದು ಕಂಡಿ ಉಂಟು, ಅರಬ್ಬಿ ಸಮುದ್ರದಿಂದ ಬಂದ ಮುಂಗಾರು ಗಾಳಿ ಬಾಗಿಲ ಸಂದಿಯಲ್ಲಿ ನುಗ್ಗಿದ ಹಾಗೆ ಅಲ್ಲಿಂದ ನುಗ್ತದೆ, ಹಾಗಾಗಿಯೇ ಮುಪ್ಪಂದಲ್ ಸುತ್ತ ಕಣ್ಣು ಹೋದಷ್ಟು ದೂರಕ್ಕೂ ಕರೆಂಟು ಮಾಡುವ ಗಾಳಿಯಂತ್ರ. ನಮ್ಮ ದೇಶದಲ್ಲಿ ಇದು ಶುರುವಾದದ್ದೂ ಕಡಲ ಬದಿಯಲ್ಲೇ, 1986ರಲ್ಲಿ ಓಖಾ, ರತ್ನಗಿರಿ, ತೂತುಕುಡಿಯಲ್ಲಿ, ಆಗ ಒಂದೊಂದು ಯಂತ್ರ ಬರೀ 55 ಕಿಲೋವಾಟಿಂದು.

ಮಧ್ಯಾಹ್ನ ವಟ್ಟಕೋಟೆಗೆ ಬಂದ್ವಿ. ತಿರುವಾಂಕೂರು ರಾಜರ ಕಾಲದ ಕಲ್ಲಿನ ಕೋಟೆ, ಒಂದು ಬದಿಗೆ ಅಲೆ ಬಡೀತದೆ, ಇನ್ನೊಂದು ಬದಿಗೆ ನೋಡಿದ್ರೆ ತೆಂಗಿನ ತೋಟದ ಆಚೆ ಗಾಳಿಯಂತ್ರಗಳು. ನಾವು ಮೇಲೆ ಹತ್ತಿದ್ದೇ ಕಡಲು ಕಪ್ಪಾಯ್ತು. ಗಾಳಿ ಹೇಗೆ ಬಂತು ಅಂದ್ರೆ ನನ್ನ ಕೊಡೆ ಮಡಚಿ ತಿರುವಿ ಕಡ್ಡಿ ಮಾತ್ರ ಕೈಯಲ್ಲಿ ಉಳೀತು, ಹೆಂಡತಿ ಮಗಳನ್ನ ತಬ್ಬಿಕೊಂಡು ಗೋಡೆಯ ಮರೆಗೆ ಕೂತ್ಳು, ಅಮ್ಮ ನನ್ನ ತೋಳು ಬಿಡ್ಲೇ ಇಲ್ಲ. ಆಗ ಮಗಳೇ ಮೊದಲು ನೋಡಿದ್ದು. ಅಪ್ಪಾ, ಇಷ್ಟು ಗಾಳಿ ಇರುವಾಗ ಅದು ಎಂತಕ್ಕೆ ನಿಲ್ತಾ ಉಂಟು?

ಹೌದು, ಹತ್ತಿರದ ದೊಡ್ಡ ಯಂತ್ರದ ರೆಕ್ಕೆ ಮೆಲ್ಲ ಮೆಲ್ಲ ತಿರುಗಿ ಅಂಚು ಗಾಳಿಗೆ ಕೊಟ್ಟು ನಿಂತಿತು, ಆಮೇಲೆ ಅದರ ಆಚೆಯದ್ದು.

ಮಳೆ ಕಡಿಮೆಯಾದ ಮೇಲೆ ಚಾ ಅಂಗಡಿಯಲ್ಲಿ ಸಿಕ್ಕಿದ ಒಬ್ಬ ಟೆಕ್ನೀಷಿಯನ್ ವಿವರಿಸಿದ್ರು. ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಗಾಳಿ ಸಿಕ್ಕಿದ್ರೆ ಯಂತ್ರ ಕರೆಂಟು ಕೊಡ್ಲಿಕ್ಕೆ ಶುರು ಮಾಡ್ತದೆ, ಸುಮಾರು 25 ಮೀಟರ್ ದಾಟಿದ್ರೆ, ಅಂದ್ರೆ ಗಂಟೆಗೆ 90 ಕಿಲೋಮೀಟರ್, ತಾನೇ ನಿಲ್ತದೆ. ಗಾಳಿಯ ವೇಗ ಎರಡು ಪಾಲಾದ್ರೆ ಅದರ ಶಕ್ತಿ ಎಂಟು ಪಾಲು, ಅಷ್ಟನ್ನು ಹಿಡಿಯಲಿಕ್ಕೆ ಹೋದ್ರೆ ರೆಕ್ಕೆ ಮುರೀತದೆ. ಸಿಡಿಲು ಬಡಿದ್ರೆ ರೆಕ್ಕೆಯೊಳಗಿನ ತಂತಿಯಲ್ಲಿ ಇಳಿದು ನೆಲಕ್ಕೆ ಹೋಗ್ತದಂತೆ, ಆದ್ರೂ ಗುಡುಗು ಇರುವಾಗ ಅದರ ಬುಡದಲ್ಲಿ ನಿಲ್ಲಬೇಡಿ ಅಂತ ಎರಡೆರಡು ಸಲ ಹೇಳಿದ್ರು. ಡ್ರೈವರ್ ಆಗ ಓಖಿ ಚಂಡಮಾರುತದ ಮಾತು ತೆಗೆದ್ರು, 2017ರ ನವೆಂಬರ್ ಕೊನೆಗೆ ಬಂದದ್ದು. ಕಡಲಿಗೆ ಹೋದ ಎಷ್ಟೋ ಮೀನುಗಾರರು ವಾಪಸ್ ಬರ್ಲಿಲ್ಲ ಅಂತ ಹೇಳಿ ಚಾ ಗ್ಲಾಸು ಕೆಳಗಿಟ್ರು, ಯಾರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಆಮೇಲೆ ಅಮ್ಮ ಅಂಗಡಿಯ ಹಿಂದಿನ ತೆಂಗಿನಮರ ತೋರ್ಸಿದ್ರು. ನೋಡು, ಮಡಲು ಗಾಳಿಗೆ ಎದುರು ನಿಲ್ಲುದಿಲ್ಲ, ಗರಿ ಎಲ್ಲ ಒಂದೇ ಕಡೆಗೆ ಮಡಚಿ ಗಾಳಿಯನ್ನ ಬಿಟ್ಟು ಕೊಡ್ತದೆ, ಆ ರೆಕ್ಕೆ ಮಾಡಿದ್ದೂ ಅದನ್ನೇ ಅಲ್ವಾ? ಅರುವತ್ತು ವರ್ಷ ತೋಟದಲ್ಲಿ ಬದುಕಿದವರಿಗೆ ಮಾತ್ರ ಅದು ಕಾಣ್ಬೇಕಷ್ಟೆ. ಬಿಸಿಲಲ್ಲಿ ಹೋದ್ರೆ ರೆಕ್ಕೆ ತಿರುಗುದು ಕಾಣ್ತದೆ, ಅಷ್ಟೇ. ನೀವು ಹೋಗುದಾದ್ರೆ ಮಳೆಗಾಲದಲ್ಲಿ ಹೋಗಿ, ದೂರದಲ್ಲಿ ಮರೆ ಇರುವಲ್ಲಿ ನಿಂತು ನೋಡಿ.

ಮೊನ್ನೆ ರಾತ್ರಿ ಇಲ್ಲಿ ಮತ್ತೆ ಜೋರು ಗಾಳಿ. ಮಗಳು ಟಾರ್ಚ್ ಹಿಡ್ಕೊಂಡು ಜಗಲಿಗೆ ಹೋಗಿ ಅಂಗಳದ ತೆಂಗಿನ ಮಡಲಿಗೆ ಬೆಳಕು ಬಿಟ್ಟು ನೋಡ್ತಿದ್ಳು. ಅಮ್ಮ ಎದ್ದು ಬಂದ್ರು. ಒಳಗೆ ಬಾ ಅಂತ ಕರೀಲಿಲ್ಲ, ಶಾಲು ಹೊದ್ದುಕೊಂಡು ಅವಳ ಪಕ್ಕದಲ್ಲೇ ಕೂತ್ರು.