ನಮ್ಮ ಕೋವಿಗೆ ತಾರೀಕು ಹಾಕಿದವರು ಯಾರು?

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಕಾಳುಮೆಣಸಿನ ರೇಟಿನ ಬಗ್ಗೆ ಮಾತಾಡಬೇಕು ಅಂತಿದ್ದೆ. ಅದು ಮುಂದಿನ ವಾರ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಕೊಡಗಿನವರಿಗೆ ಮಾತ್ರ ಯಾಕೆ ಲೈಸೆನ್ಸ್ ಇಲ್ಲದೆ ಕೋವಿ? ಎಲ್ಲಾ ವಾಪಸ್ ತಗೊಳ್ಳಿ." ವಾಪಸ್ ಅಂತೆ! ಕೊಟ್ಟವರು ತಾನೇ ವಾಪಸ್ ಕೇಳಬೇಕು? ನಮ್ಮ ಮನೆಯ ಕೋವಿ ನನ್ನ ಅಜ್ಜನದ್ದು.

1857ರ ದಂಗೆ ಆದ ಮೇಲೆ ಬ್ರಿಟಿಷರು ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಂಡರು. ಆಗಲೂ 1861ರಲ್ಲಿ ಮೈಸೂರು-ಕೊಡಗಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯ ಬಂದ ಮೇಲೂ, ಲೈಸೆನ್ಸ್ ಬೇಡ ಅನ್ನುವ ಈ ವಿನಾಯಿತಿ ಉಳಿಯಿತು. ಕೊಡವರಿಗೂ ಉಂಟು, ಜಮ್ಮಾ ಜಮೀನು, ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಮೀನು ಇರುವವರಿಗೂ ಉಂಟು. ಆದರೆ 2019ರಲ್ಲಿ ಕೇಂದ್ರ ಸರ್ಕಾರ ಏನು ಮಾಡಿತು? 2029ರವರೆಗೆ ಮಾತ್ರ ಅಂತ ಬರೆಯಿತು. ಹತ್ತು ವರ್ಷ! ನನ್ನ ಮಾತು ಇಷ್ಟೇ. ತಾರೀಕು ಹಾಕಿ ಕೊಟ್ಟದ್ದು ಹಕ್ಕಲ್ಲ.

"ಸುಮ್ನೆ ಹೆದರ್ತೀರಿ, ಯಾರೂ ಕಿತ್ಕೊಳ್ಳಲ್ಲ" ಅಂತೀರಾ? ಅದೇ 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಲೈಸೆನ್ಸ್‌ದಾರರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಎರಡಕ್ಕೆ ಇಳಿಸಿದರು. ಮೊದಲ ಮಸೂದೆಯಲ್ಲಿ ಒಂದೇ ಅಂತ ಇತ್ತು! ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಾಯಿತು. ಅದು ಅಪ್ಪ ಕೊಟ್ಟದ್ದೋ, ಅಜ್ಜ ಕೊಟ್ಟದ್ದೋ ಅಂತ ಯಾರೂ ಕೇಳಲಿಲ್ಲ.

ಚುನಾವಣೆ ಬಂದಾಗ ನೋಡಿ, ಕೋವಿ ತಂದು ಠಾಣೆಯಲ್ಲಿ ಇಡಿ ಅಂತಾರೆ. ಒಮ್ಮೆ ನಮ್ಮ ಕೋವಿಯನ್ನೂ ಠಾಣೆಯಲ್ಲಿ ಇಟ್ಟಿದ್ದೆ. ಹಳೇ ಬೆಡ್‌ಶೀಟ್ ಸುತ್ತಿ, ಹೆಸರಿನ ಚೀಟಿ ಕಟ್ಟಿ ಕೊಟ್ಟೆ. ವಾಪಸ್ ಬಂದಾಗ ಬೆಡ್‌ಶೀಟ್ ಇಲ್ಲ, ನಳಿಗೆ ಮೇಲೆ ಬೆರಳಗಲ ತುಕ್ಕು. ಎಣ್ಣೆ ಹಾಕಿ ಎರಡು ದಿನ ಉಜ್ಜಿದ್ದೇನೆ. ಅಷ್ಟರಲ್ಲಿ ಹಂದಿಗಳು ಗದ್ದೆಯನ್ನು ಉತ್ತು ಹಾಕಿದ್ದವು. ಯಾರ ಕೋವಿ ಠಾಣೆಯಲ್ಲಿ ಇಡಬೇಕು ಅಂತ ಪ್ರತಿಯೊಬ್ಬರ ವಿಷಯ ನೋಡಿ ತೀರ್ಮಾನ ಮಾಡೋಕೆ ಪರಿಶೀಲನಾ ಸಮಿತಿ ಇರಬೇಕು ಅಂತ ಚುನಾವಣಾ ಆಯೋಗದ ನಿಯಮವೇ ಇದೆ. ನನ್ನ ವಿಷಯ ಯಾರು ನೋಡಿದರು?

ಇನ್ನೊಬ್ಬರ ವಾದ, ಕೋವಿಯಿಂದ ಕೊಲೆ ಆಗುತ್ತದಂತೆ. ಯಾರೋ ಕುಡಿದು ಕತ್ತಿ ಬೀಸಿದ ಅಂತ ತೋಟದ ಕತ್ತಿಗಳನ್ನೆಲ್ಲ ಠಾಣೆಯಲ್ಲಿ ಇಡುತ್ತೀರಾ? ತಪ್ಪು ಮಾಡಿದವನನ್ನು ಹಿಡಿಯಿರಿ. ಮತ್ತೊಬ್ಬರು ಅಮೆರಿಕದ ವಿಡಿಯೋ ಕಳಿಸಿದ್ದಾರೆ. ಅಣ್ಣಾ, ಇದು ಅಮೆರಿಕ ಅಲ್ಲ, ಕೊಡಗು. ಇಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಗುಂಡಿನ ಸದ್ದಾದ ಮೇಲೆಯೇ ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುತ್ತೇವೆ. ಕೈಲ್‌ಪೊಳ್ದ್ ಅಂದ್ರೆ ನಮ್ಮ ಆಯುಧಪೂಜೆಯ ಹಬ್ಬ, ಆ ದಿನ ಕೋವಿಗೆ ತೋಕ್ ಪೂ ಇಟ್ಟು ಪೂಜೆ ಮಾಡುತ್ತೇವೆ. ತೋಕ್ ಅಂದ್ರೆ ಕೋವಿ, ಪೂ ಅಂದ್ರೆ ಹೂವು. ಹೂವಿನ ಹೆಸರಲ್ಲೇ ಕೋವಿ ಇದೆ! ಆ ಹೂವಿಗೂ ತಾರೀಕು ಹಾಕುತ್ತೀರಾ?

ಇಲ್ಲಿ ಒಂದು ನಿಮಿಷ. ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡಿ. ಈ ವಿಷಯವನ್ನು ಬೆಂಗಳೂರಿನ ಯಾವ ದೊಡ್ಡ ಚಾನೆಲ್ ಮಾತಾಡುತ್ತದೆ ಹೇಳಿ?

ಒಬ್ಬರು ಕೋರ್ಟಿಗೂ ಹೋದರಲ್ಲ! ಈ ವಿನಾಯಿತಿ ತಾರತಮ್ಯ ಅಂತ ಅರ್ಜಿ ಹಾಕಿದರು. 2021ರಲ್ಲಿ ಹೈಕೋರ್ಟ್ ಅರ್ಜಿ ವಜಾ ಮಾಡಿತು. ನನಗೆ ಖುಷಿಯಾಯಿತು, ಸಿಹಿ ಹಂಚಿದೆ. ಆದರೆ ತಾರೀಕು ಹೋಯಿತಾ? ಇಲ್ಲ! 2029 ಅಲ್ಲೇ ಕೂತಿದೆ. ಆಗ ಮತ್ತೆ ದೆಹಲಿಗೆ ಅರ್ಜಿ, ಮತ್ತೆ ಕಾಯುವುದು. ಯಾಕೆ? ನಮ್ಮ ಮನೆಯದ್ದನ್ನು ನಾವೇ ಯಾಕೆ ಬೇಡಬೇಕು? ತಾರೀಕು ತೆಗೆಯಿರಿ. ನನಗೆ ಬೇರೆ ವಾದ ಬೇಡ, ಆ ತಾರೀಕು ತೆಗೆಯಿರಿ ಅಷ್ಟೇ!

ನಿಮ್ಮ ಮನೆಯಲ್ಲಿ ಹಳೇ ಕೋವಿ ಇದ್ದರೆ ಅದು ಯಾರಿಂದ ಬಂತು ಅಂತ ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ. ಮುಂದಿನ ವಾರ ಮೆಣಸಿನ ರೇಟು, ಖಂಡಿತ.