ಏಳೂವರೆ ಅಡಿ ಅವತಾರ್‌ಗೆ ಒಂಬತ್ತು ಸೈಟೂ ಸಾಲಲ್ಲ

ನಮಸ್ಕಾರ, ನಮಸ್ಕಾರ. ಇವತ್ತು ಮಾತಾಡಬೇಕಿದ್ದಿದ್ದು ಬೇರೆ ವಿಷಯ. ಆದ್ರೆ ಹೋದ ಸಂಚಿಕೆ ಕೆಳಗೆ ಒಂದು ಕಾಮೆಂಟ್ ಬಂದಿದೆ, ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ ಲೋಕದ ಬಗ್ಗೆ. ಅದನ್ನ ಓದದೆ ಮುಂದೆ ಹೋಗೋಕಾಗಲ್ಲ. "ಸೆಕೆಂಡ್ ಲೈಫ್‌ನಲ್ಲಿ 1024 ಚದರ ಮೀಟರ್ ಜಾಗ ಯಾತಕ್ಕೂ ಸಾಲಲ್ಲ ಸರ್, ಒಂದು ಮನೆ ಇಟ್ರೆ ಮುಗೀತು." ಕೆಳಗೆ ನಲವತ್ತು ಜನ ಹೌದು ಹೌದು ಅಂತ ತಲೆ ಆಡಿಸಿದ್ದಾರೆ.

1024 ಚದರ ಮೀಟರ್ ಅಂದ್ರೆ 32 ಬೈ 32. ನಮ್ಮೂರ ಲೆಕ್ಕದಲ್ಲಿ ಹೇಳ್ಲಾ? ಥರ್ಟಿ-ಫಾರ್ಟಿ ಸೈಟು ಸುಮಾರು 111 ಚದರ ಮೀಟರ್. ಒಂಬತ್ತು ಸೈಟು ಕಣ್ರೀ! ಅಷ್ಟು ಜಾಗ ಸಿಕ್ಕಿದ್ರೆ ಬೆಂಗಳೂರಲ್ಲಿ ನಾಲ್ಕಂತಸ್ತು ಎತ್ತಿ, ಮೂರರಲ್ಲಿ ಪಿಜಿ ಮಾಡಿ, ಕಾರು ಮಾತ್ರ ರಸ್ತೇಲಿ ನಿಲ್ಲಿಸ್ತಾರೆ. ನಿಮಗೆ ಒಂದು ಹಾಲ್, ಒಂದು ರೂಮು ಹಿಡಿಸೋಕಾಗಲ್ಲ!

ಜಾಗ ಚಿಕ್ಕದಲ್ಲ ಸ್ವಾಮಿ. ನಿಮ್ಮ ಅವತಾರ್, ಅಂದ್ರೆ ಅಲ್ಲಿ ನೀವಾಗಿ ಓಡಾಡೋ ಗೊಂಬೆ, ದೊಡ್ಡದು.

ಹೊಸಬರಿಗೆ ಎರಡು ಮಾತು. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಶುರು ಮಾಡಿದ ಲೋಕ ಈ ಸೆಕೆಂಡ್ ಲೈಫ್. ಮನೆ, ಬಟ್ಟೆ, ಕುರ್ಚಿ, ಎಲ್ಲಾ ಅಲ್ಲಿನ ಜನಾನೇ ಮಾಡಿ ಮಾರ್ತಾರೆ. ಅಲ್ಲಿನ ನೆಲದ ಒಂದು ಚೌಕ, ಅಂದ್ರೆ ರೀಜನ್, 256 ಬೈ 256 ಮೀಟರ್. ಅಳತೆ ಎಲ್ಲಾ ಮೀಟರ್‌ನಲ್ಲೇ. ಅಂದ್ರೆ ಅಳತೆಗೋಲು ಮೊದಲ ದಿನದಿಂದ ಕೈಯಲ್ಲೇ ಇದೆ, ಅದನ್ನ ತನ್ನ ಮೈಗೆ ಹಿಡಿಯೋರೇ ಇಲ್ಲ.

ಹಿಡಿದು ನೋಡಿ. ಕಟ್ಟೋಕೆ ಬಿಡೋ ಜಾಗಕ್ಕೆ ಹೋಗಿ ಒಂದು ಮರದ ಪೆಟ್ಟಿಗೆ ರೆಜ್ ಮಾಡಿ, ಅಂದ್ರೆ ಸೃಷ್ಟಿ ಮಾಡಿ. ಸುಮ್ನೆ ಬರೋ ಪೆಟ್ಟಿಗೆ ಅರ್ಧ ಮೀಟರ್ ಇರುತ್ತೆ. ಎಡಿಟ್ ಕಿಟಕಿಯಲ್ಲಿ ಝಡ್ ಅಳತೆ, ಅಂದ್ರೆ ಎತ್ತರ, 1.75 ಅಂತ ಹಾಕಿ. ಐದಡಿ ಒಂಬತ್ತಿಂಚು, ಒಳ್ಳೇ ಎತ್ತರದ ಮನುಷ್ಯ. ಈಗ ಪಕ್ಕದಲ್ಲಿ ನಿಂತ್ಕೊಳ್ಳಿ. ಪೆಟ್ಟಿಗೆ ಎದೆ ಹತ್ರ ನಿಂತು ಹೋಯ್ತಾ? ಹಾಗಾದ್ರೆ ನೀವು 2.3 ಮೀಟರ್. ಏಳೂವರೆ ಅಡಿ!

ಏನಾಯ್ತು ಈಗ, ಅಂತೀರಿ. 1.75 ಇರಬೇಕಾದವರು 2.3 ಅಂದ್ರೆ 1.3 ಪಟ್ಟು, ಮನೇನೂ ಅಷ್ಟೇ ಬೆಳೀಬೇಕು. ಉದ್ದ 1.3 ಪಟ್ಟು, ಅಗಲ 1.3 ಪಟ್ಟು, ಗುಣಿಸಿ: ನೆಲ 1.7 ಪಟ್ಟು. ಅಷ್ಟಕ್ಕೇ ನಿಲ್ಲಲ್ಲ, ಕ್ಯಾಮೆರಾ ಇದೆಯಲ್ಲ! ನಿಮಗೆ ಆ ಲೋಕ ತೋರಿಸೋ ಕಣ್ಣು ಅದು, ನಿಮ್ಮ ಬೆನ್ನ ಹಿಂದೆ, ತಲೆಗಿಂತ ಮೇಲೆ ತೂಗಾಡ್ತಿರುತ್ತೆ. ಮೂರು ಮೀಟರ್ ಸೂರಿನ ರೂಮಿಗೆ ಹೋದ್ರೆ ಕ್ಯಾಮೆರಾ ಸೂರಿಗೆ ಬಡಿಯುತ್ತೆ, ಗೋಡೆಗೆ ಒರಗುತ್ತೆ, ನಿಮಗೆ ನಿಮ್ಮದೇ ತಲೆಗೂದಲು ಕಾಣುತ್ತೆ. ಅದಕ್ಕೇ ಮನೆ ಮಾಡೋರು ಸೂರು ಐದು ಮೀಟರ್ ಎತ್ತುತ್ತಾರೆ, ಬಾಗಿಲು ದೇವಸ್ಥಾನದ ಮಹಾದ್ವಾರದಷ್ಟು ಇಡ್ತಾರೆ. ಆ ರೂಮು ತುಂಬಬೇಕಲ್ಲ, ಸೋಫಾನೂ ದೊಡ್ಡದು. ಎಲ್ಲಾ ಎರಡು ಪಟ್ಟಾದ್ರೆ ನೆಲ ನಾಲ್ಕು ಪಟ್ಟು. ಒಂಬತ್ತು ಸೈಟು ಹೋಗಿ ಎರಡೂ ಚಿಲ್ಲರೆ ಸೈಟು ಉಳೀತು. ಆಮೇಲೆ ಇಲ್ಲಿ ಬಂದು ಅಳೋದು!

ನೆಲ ಒಂದೇ ಅಲ್ಲ, ಲ್ಯಾಂಡ್ ಇಂಪ್ಯಾಕ್ಟ್ ಕೂಡ. ಇಟ್ಟ ವಸ್ತುಗಳು ಜಾಗದ ಮೇಲೆ ಹಾಕೋ ಭಾರದ ಲೆಕ್ಕ ಅದು, ಅದಕ್ಕೊಂದು ಮಿತಿ ಇದೆ. ಮೇನ್‌ಲ್ಯಾಂಡ್‌ನಲ್ಲಿ (ಲಿಂಡೆನ್ ಲ್ಯಾಬಿನ ಸ್ವಂತ ಖಂಡಗಳು) 1024ಕ್ಕೆ ಸಿಗೋದು 351. ಮೆಶ್, ಅಂದ್ರೆ ಹೊರಗೆ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿ ತಂದ ವಸ್ತು, ಹಿಗ್ಗಿಸಿದಷ್ಟೂ ಅದರ ಡೌನ್‌ಲೋಡ್ ತೂಕ ಏರುತ್ತೆ, ಯಾಕಂದ್ರೆ ದೊಡ್ಡ ವಸ್ತುವನ್ನ ಇನ್ನೂ ದೂರದಿಂದ ಪೂರ್ತಿ ವಿವರದಲ್ಲಿ ತೋರಿಸಬೇಕು. ಅದೇ ಮಂಚ, ಹಿಗ್ಗಿಸಿದ್ದಕ್ಕೆ ದಂಡ.

ಕ್ಯಾಮೆರಾ ಇಳಿಸೋದು ಐದು ನಿಮಿಷದ ಕೆಲಸ. ಕಂಟ್ರೋಲ್-ಆಲ್ಟ್-ಡಿ ಒತ್ತಿದ್ರೆ ಅಡ್ವಾನ್ಸ್ಡ್ ಮೆನು ಬರುತ್ತೆ, ಅದರಲ್ಲಿ ಡೀಬಗ್ ಸೆಟ್ಟಿಂಗ್ಸ್. ಕ್ಯಾಮೆರಾ ಆಫ್‌ಸೆಟ್ ರಿಯರ್ ವ್ಯೂ ಹುಡುಕಿ. ಎಕ್ಸ್ ಅಂದ್ರೆ ಬೆನ್ನ ಹಿಂದಿನ ದೂರ, ಮೈನಸ್ 3 ಇರುತ್ತೆ, ಮೈನಸ್ 2 ಮಾಡಿ. ಝಡ್ 0.75 ಇರುತ್ತೆ, ಸೊನ್ನೆಗೆ ತನ್ನಿ, ಇನ್ನೂ ಬೇಕಾದ್ರೆ ಮೈನಸ್ 0.2. ಇಷ್ಟೇ ಮಾಡಿ ಬಿಟ್ರೆ ಕ್ಯಾಮೆರಾ ಕೆಳಗೆ ಕೂತು ಸೂರು ನೋಡ್ತಿರುತ್ತೆ, ಹಲ್ಲಿ ಹುಡುಕೋ ಹಾಗೆ. ಅದಕ್ಕೇ ಫೋಕಸ್ ಆಫ್‌ಸೆಟ್ ರಿಯರ್ ವ್ಯೂನಲ್ಲೂ ಝಡ್ ಅನ್ನ 1ರಿಂದ 0.2ಕ್ಕೆ ಇಳಿಸಿ. ಈಗ 2.1 ಮೀಟರ್ ಬಾಗಿಲಲ್ಲಿ ಆರಾಮಾಗಿ ಓಡಾಡ್ತೀರಿ. (ಈ ನಂಬರ್‌ಗಳೆಲ್ಲಾ ಡಿಸ್ಕ್ರಿಪ್ಷನ್‌ನಲ್ಲಿವೆ. ಡಿಸ್ಕ್ರಿಪ್ಷನ್‌ಗೆ ಹೋಗೋ ದಾರೀಲೇ ಸಬ್‌ಸ್ಕ್ರೈಬ್ ಬಟನ್ನೂ ಇದೆ, ಕಾಲಿಗೆ ತೊಡರಿದ್ರೆ ಒತ್ತಿಬಿಡಿ.)

ಆಮೇಲೆ ಮೈ. ಕೊಂಡ ಶೇಪ್ (ಮೈಯ ಆಕಾರ) ಆದ್ರೆ ಇನ್ವೆಂಟರಿಯಲ್ಲಿ, ಅಂದ್ರೆ ನಿಮ್ಮ ಸಾಮಾನಿನ ಪಟ್ಟಿಯಲ್ಲಿ, 'ನೋ ಮಾಡಿಫೈ' (ಬದಲಾಯಿಸೋ ಹಾಗಿಲ್ಲ) ಅಂತಿದೆಯಾ ನೋಡಿ. ಇದ್ರೆ ಅದು ಅಲುಗಾಡಲ್ಲ, ಹೊಸ ಶೇಪ್ ಮಾಡ್ಕೊಳ್ಳಿ. ಇಲ್ಲದಿದ್ರೆ ಮೊದಲು ಒಂದು ಕಾಪಿ ತೆಗೆದು, ಕಾಪಿ ಮೇಲೆ ಕೈ ಇಡಿ. ಎತ್ತರದ ಸ್ಲೈಡರ್ ಒಂದನ್ನೇ ಎಳೆದು ಕೂರಬೇಡಿ, ಕಾಲುದ್ದ ಇಳಿಸಿ. ಏಳೂವರೆ ಅಡಿ ಜನರ ಕೈ ನೋಡಿದ್ದೀರಾ? ಕಾಲು ಕೊಕ್ಕರೆ ಥರ ಬೆಳೆದಿರುತ್ತೆ, ಕೈ ಸ್ಲೈಡರ್ 100ಕ್ಕೆ ಮುಟ್ಟಿ ನಿಂತಿರುತ್ತೆ, ಬೆರಳು ಸೊಂಟಕ್ಕೇ ಮುಗಿದಿರುತ್ತೆ. ತಲೆ ಬಟಾಣಿ. ಕೈ ಇಳಿಬಿಟ್ರೆ ಬೆರಳ ತುದಿ ತೊಡೆ ಮಧ್ಯಕ್ಕೆ ಬರಬೇಕು ಕಣ್ರೀ, ಬಸ್‌ಸ್ಟ್ಯಾಂಡ್‌ನಲ್ಲಿ ನಿಂತ ಯಾರನ್ನಾದ್ರೂ ನೋಡಿ! ಎಲ್ಲಾ ಆದ್ಮೇಲೆ ಕಾಲು ನೆಲದಲ್ಲಿ ಹೂತ್ರೆ ಹೋವರ್ ಹೈಟ್, ಅಂದ್ರೆ ಮೈಯನ್ನ ನೆಲದಿಂದ ಎತ್ತಿ ಇಳಿಸೋ ಸೆಟ್ಟಿಂಗ್, ಸರಿ ಮಾಡಿ. ಮತ್ತೆ ಪೆಟ್ಟಿಗೆ ಪಕ್ಕ ನಿಲ್ಲಿ. ಪೆಟ್ಟಿಗೆ ಅಳಿಸಬೇಡಿ ಅಂದಿದ್ದೆ ತಾನೇ? ಅಂದಿರಲಿಲ್ವಾ? ಈಗ ಅಂದೆ.

ಮನೆ ಕುಗ್ಗಿಸುವಾಗ ಮಾತ್ರ ಹುಷಾರು. ಕುರ್ಚಿ ಮಾಡಿಫೈ ಇದ್ರೆ ಕಂಟ್ರೋಲ್-ಶಿಫ್ಟ್ ಹಿಡಿದು ಮೂಲೆ ಎಳೆದ್ರೆ ಕುಗ್ಗುತ್ತೆ, ಆದ್ರೆ ಕೂರೋ ಭಂಗಿಯ ಜಾಗ ಕುಗ್ಗಲ್ಲ. ಕುರ್ಚಿ ಕೆಳಗೆ, ನೀವು ಯೋಗಿ ಥರ ಗಾಳೀಲಿ. ಕುರ್ಚಿಯೊಳಗೆ ಎವಿಸಿಟರ್ ಅನ್ನೋ ಕೂರಿಸೋ ಸ್ಕ್ರಿಪ್ಟ್ ಇದ್ರೆ ಅದರ ಮೆನುವಿನ ಅಡ್ಜಸ್ಟ್‌ನಲ್ಲಿ ಪ್ರತಿ ಭಂಗಿಯನ್ನೂ ಇಳಿಸಿ ಸೇವ್ ಮಾಡಿ. ಇನ್ನೊಂದು, ಬಾಗಿಲಿರೋ ಮೆಶ್ ಗೋಡೆ. ಅಪ್‌ಲೋಡ್ ಮಾಡುವಾಗ ಫಿಸಿಕ್ಸ್ (ಮೈ ಎಲ್ಲಿ ತಾಗಬೇಕು ಅನ್ನೋ ಆಕಾರ) ಅನಲೈಸ್ ಮಾಡಿರದಿದ್ರೆ, ದಪ್ಪ ಅರ್ಧ ಮೀಟರ್‌ಗಿಂತ ಕಡಿಮೆಯಾದ ಕ್ಷಣ ಬಾಗಿಲ ತೂತು ಮುಚ್ಚಿಹೋಗುತ್ತೆ. ಕಣ್ಣಿಗೆ ತೂತು ಕಾಣುತ್ತೆ, ಮೂಗು ಗೋಡೆಗೆ ಬಡಿಯುತ್ತೆ. ಅರ್ಧ ಮೀಟರ್‌ಗೇ ನಿಲ್ಲಿಸಿ.

ಈಗ ಆಕ್ಷೇಪಣೆಗಳು. "ಕುಗ್ಗಿಸಿದ್ರೆ ವಸ್ತು ಸ್ವಲ್ಪ ದೂರ ಹೋದ್ರೂ ಮುರುಕಲು ಕಾಣುತ್ತೆ." ಕಾಣುತ್ತೆ, ಎಲ್‌ಒಡಿ (ದೂರ ಹೋದಷ್ಟೂ ವಿವರ ಕಡಿಮೆ ಮಾಡಿ ತೋರಿಸೋ ಮಟ್ಟ) ಬೇಗ ಬದಲಾಗುತ್ತೆ. ರೂಮೇ ಚಿಕ್ಕದಾಯ್ತಲ್ಲ, ದೂರ ಹೋಗೋದೆಲ್ಲಿಗೆ? ಮುಂದೆ.

"ಗಿಡ್ಡ ಇದ್ರೆ ಮಗು ಅಂದ್ಕೊಂಡು ಕೆಲವು ಕಡೆ ಒಳಗೆ ಬಿಡಲ್ಲ." 1.75 ಗಿಡ್ಡವೇನ್ರೀ? ನಿಮ್ಮ ಮನೆಯವರನ್ನ ಅಳೆದು ಬಂದು ಮಾತಾಡಿ.

"ಇದು ಕಲ್ಪನಾಲೋಕ, ಇಲ್ಲೂ ಅಳತೆಪಟ್ಟಿ ಯಾಕೆ?" ಆಗಿ! ನಾಲ್ಕು ಮೀಟರ್ ಘಟೋತ್ಕಚ ಆಗಿ, ರೆಕ್ಕೆ ಬಿಚ್ಚಿದ ಡ್ರ್ಯಾಗನ್ ಆಗಿ, ನಾನೇ ಚಪ್ಪಾಳೆ ತಟ್ತೀನಿ. ಡ್ರ್ಯಾಗನ್ ಯಾವತ್ತಾದ್ರೂ ಸೈಟು ಸಾಲಲ್ಲ ಅಂತ ಕಾಮೆಂಟ್ ಹಾಕಿದ್ಯಾ?

"ಎಲ್ಲರೂ ಎತ್ತರ ಇದ್ದಾರೆ, ನಾನೊಬ್ಬನೇ ಕುಳ್ಳ ಕಾಣ್ತೀನಿ." ನೋಡಿ, ಇದೇ. ಇದೊಂದೇ ನಿಜವಾದ ಕಾರಣ, ಉಳಿದಿದ್ದೆಲ್ಲಾ ನೆಪ. ಅವನು ಎತ್ತರ ಅಂತ ಇವನು, ಇವನು ಎತ್ತರ ಅಂತ ಅವನು, ಪಕ್ಕದ ಮನೆಯವರು ಮೂರನೇ ಮಹಡಿ ಕಟ್ಟಿದ್ರು ಅಂತ ನಾಲ್ಕನೇದಕ್ಕೆ ಸಾಲ ತೆಗೆಯೋ ಬುದ್ಧಿ! ಸೂರು ಐದು ಮೀಟರ್! ಯಾಕೆ? ಕೇಳಿದ್ರೆ ಗೊತ್ತಿಲ್ಲ! ಸೋಫಾ ಮೂರೂವರೆ ಮೀಟರ್! ಯಾರು ಕೂರ್ತಾರೆ? ಇಬ್ಬರು!

ನೀರು ಕುಡೀತೀನಿ, ತಡೀರಿ. ಈ ಲೋಟ ನಮ್ಮ ಮೆಂಬರ್‌ಗಳಿಗೆ ಮಾಡಿಸಿದ್ದು, ಬೇಕಾದ್ರೆ ಲಿಂಕ್ ಕೆಳಗಿದೆ. ಲೋಟ ಸರಿಯಾದ ಅಳತೆಯಲ್ಲೇ ಇದೆ.

1.75. ಪೆಟ್ಟಿಗೆ. ಇನ್ನೇನೂ ಹೇಳಲ್ಲ. ನಿಂತು ನೋಡಿ, ನಿಮ್ಮ ಅಳತೆ ಕಾಮೆಂಟ್‌ನಲ್ಲಿ ಹಾಕಿ. ಮೀಟರ್‌ನಲ್ಲಿ. ಅಡೀಲಿ ಬರೆದ್ರೆ ಡಿಲೀಟ್ ಮಾಡ್ತೀನಿ.